ಬೆಟ್ಟದ ದರಕಿನಲ್ಲಿ ಅಣಬೆಗೊಂದು ಪಾಲು

‘ಆಟಮ್’ ಎಂಬ ಇಂಗ್ಲಿಷ್ ಶಬ್ದಕ್ಕೆ ನಿಘಂಟುಗಳು ‘ಶರತ್ಕಾಲ, ಎಲೆಯುದುರುವ ಕಾಲ’ ಎಂದು ಒಂದೇ ಉಸಿರಿನಲ್ಲಿ ಎರಡು ಅರ್ಥಗಳನ್ನು ಕೊಡುತ್ತವೆ. ಇಂಗ್ಲೆಂಡಿನಲ್ಲಿ ಈ ಎರಡೂ ಒಂದೇ ಇರಬಹುದು. ನಮ್ಮ ಬಿಳಗಿ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ಬೆಟ್ಟದ ಮರಗಳು ಮಳೆಯಲ್ಲಿ ಮಿಂದು ತುಂಬಿಕೊಂಡು ನಿಂತಿರುತ್ತವೆ. ಎಲೆ ಉದುರುವುದು ಬಹುಮಟ್ಟಿಗೆ ಪುಷ್ಯ ಕಳೆದ ಮೇಲೆ, ಮಾಘ ಫಾಲ್ಗುಣಗಳ ಒಣಗಾಳಿಯಲ್ಲಿ. ಹಾಗಾದರೆ ನಮ್ಮ ಶರದೃತುವಿನ ವಿಶೇಷವೇನು? ಕಳೆದ ಬೇಸಿಗೆಯಲ್ಲಿ ಉದುರಿದ ಎಲೆ ಮಣ್ಣಾಗಿ ಮುಗಿಯುವ ಕಾಲ ಇದು. ಎಲೆಯನ್ನು ಉಂಡು ಮುಗಿಸುವವರು ಕಣ್ಣಿಗೆ ಕಾಣುವ ಕಾಲವೂ ಇದೇ.

ಆ ಉಣ್ಣುವವರ ಕುರಿತೂ, ಅವರ ತಟ್ಟೆಯಿಂದ ನಾವು ಎಷ್ಟನ್ನು ಎತ್ತಿಕೊಳ್ಳುತ್ತಿದ್ದೇವೆ ಎಂಬುದರ ಕುರಿತೂ ಈ ಲೇಖನದಲ್ಲಿ ನನ್ನ ಅಭಿಪ್ರಾಯವನ್ನು ಹೇಳಬೇಕೆಂದಿದ್ದೇನೆ. ಓದುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಇದ್ದೀರಿ. ನಿಮ್ಮಲ್ಲಿ ಅನೇಕರಿಗೆ ತೋಟವಿದೆ, ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟವಿದೆ. ಆದುದರಿಂದ ಈ ಮಾತು ನಿಮಗೆ ಸಂಬಂಧಿಸಿದ್ದು.

ದೂರದ ಊರುಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಿಗಾಗಿ ಸ್ಥಳದ ಪರಿಚಯವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಬಿಳಗಿ ಇರುವುದು ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನಲ್ಲಿ. ಒಂದು ಕಾಲಕ್ಕೆ ಬಿಳಗಿ ಅರಸರ ರಾಜಧಾನಿಯಾಗಿದ್ದ ಊರು. ಹಳೆಯ ಜೈನ ಬಸದಿ ಇಂದಿಗೂ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಘಟ್ಟದ ಮೇಲಿನ ಮೂರು ತಾಲೂಕುಗಳ ಬದುಕು ಒಂದೇ ಎರಕದ್ದು. ಕಣಿವೆಯಲ್ಲಿ ಅಡಿಕೆ ತೋಟ, ಅದರ ಅಂಚಿಗೆ ಹಳ್ಳ ಅಥವಾ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾನು. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟವನ್ನು ಸೊಪ್ಪಿಗಾಗಿ ಬಿಟ್ಟುಕೊಡುವ ಸವಲತ್ತು ಬ್ರಿಟಿಷರ ಆಡಳಿತಕಾಲದಿಂದ ನಡೆದುಬಂದಿದೆ. ಒಂದು ಎಕರೆಯನ್ನು ಸಾಕಲು ಒಂಬತ್ತು ಎಕರೆ ಬೇಕೆಂಬ ಲೆಕ್ಕವೇ ತೋಟಕ್ಕೂ ಬೆಟ್ಟಕ್ಕೂ ಇರುವ ಋಣವನ್ನು ಹೇಳುತ್ತದೆ.

ಮಳೆ ಹಿಂದೆ ಸರಿದು ಉಂಬಳದ ಕಾಟ ಕಡಿಮೆಯಾದ ಈ ದಿನಗಳಲ್ಲಿ ಬೆಳಿಗ್ಗೆ ಒಂದು ತಾಸು ನಡೆದರೆ ಸಾಕು, ನೋಡತಕ್ಕದ್ದು ಬೇಕಾದಷ್ಟಿದೆ. ಗದ್ದೆಯ ಹಾಳಿಯ ಮೇಲೆ, ನೀರು ಜಿನುಗುವ ಜಂಬಿಟ್ಟಿಗೆಯ ಹಾಸಿನ ಮೇಲೆ, ಬೆರಳುದ್ದದ ಕಡ್ಡಿಗಳಿಗೆ ಅಂಟಿಕೊಂಡ ನೀಲಿ ಹೂಗಳ ಹಾಸು ಕಾಣುತ್ತದೆ. ಯುಟ್ರಿಕ್ಯುಲೇರಿಯಾ ಎಂಬ ಈ ಗಿಡ ನೋಡಲು ಸಾಧು. ಆದರೆ ಒದ್ದೆ ನೆಲದೊಳಗೆ ಅದು ಹುದುಗಿಸಿಟ್ಟ ಸಾಸಿವೆಗಿಂತ ಸಣ್ಣ ಚೀಲಗಳು ನೀರಿನ ಸೂಕ್ಷ್ಮಜೀವಿಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತವೆ. ಬೇಲಿಯ ಮೇಲೆ ಅಗ್ನಿಶಿಖೆಯ ಕೊನೆಯ ಹೂಗಳು ಇನ್ನೂ ಉಳಿದಿರುತ್ತವೆ. ತೋಟದಿಂದ ಬೆಟ್ಟಕ್ಕೆ ಏರುವ ದಾರಿಗೆ ಅಡ್ಡಲಾಗಿ ದೊಡ್ಡ ಕಾಡುಜೇಡ ನೇಯ್ದ ಬಲೆ ಬೆಳಗಿನ ಬಿಸಿಲಿನಲ್ಲಿ ಬಂಗಾರದ ಬಣ್ಣಕ್ಕೆ ಹೊಳೆಯುತ್ತದೆ. ನಡುವೆ ಕುಳಿತ ಅಂಗೈಯಗಲದ ಹೆಣ್ಣಿನ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಗಂಡು ಇರುತ್ತದೆ. ಅದನ್ನು ಬೇರೆಯೇ ಜಾತಿಯ ಜೇಡವೆಂದು ತಿಳಿಯುವವರೇ ಹೆಚ್ಚು.

ಹಳೆಯ ಕಲ್ಲುಗೋಡೆಗಳ ಮೇಲೆ ಬೂದು, ಹಸಿರು, ಕಿತ್ತಳೆ ಬಣ್ಣದ ತೇಪೆಗಳು ಹರಡಿರುತ್ತವೆ. ಇವು ಕಲ್ಲುಹೂವಿನ ಜಾತಿಯವು. ಇವುಗಳಲ್ಲಿ ಪ್ರತಿಯೊಂದೂ ಒಂಟಿ ಜೀವಿಯಲ್ಲ. ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಕೂಡಿ ಮಾಡಿದ ಸಂಸಾರ. ಶಿಲೀಂಧ್ರವು ಮನೆಯನ್ನೂ ನೀರನ್ನೂ ಒದಗಿಸಿದರೆ ಪಾಚಿಯು ಬಿಸಿಲಿನಿಂದ ಅಡುಗೆ ಮಾಡುತ್ತದೆ. ಅಣಬೆಯನ್ನು ಹೊಸ್ತಿಲು ದಾಟಲು ಬಿಡದ ಮನೆಗಳಲ್ಲಿಯೂ ಪೇಟೆಯ ಮಸಾಲೆಪುಡಿಯೊಳಗಿನ ಕಲ್ಲುಹೂವಿನ ರೂಪದಲ್ಲಿ ಶಿಲೀಂಧ್ರವು ಅಡುಗೆಮನೆಯನ್ನು ಸೇರಿಯೇ ಇದೆ ಎಂಬುದನ್ನು ವಿನೋದಕ್ಕಾಗಿ ಹೇಳುತ್ತೇನೆ, ಯಾರೂ ಬೇಸರಿಸಬಾರದು.

ಆದರೆ ಶರದೃತುವಿನ ನಿಜವಾದ ಸಂತೆ ನೆರೆದಿರುವುದು ಬೆಟ್ಟದ ನೆಲದಲ್ಲಿ. ಮರದ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಹಳೆಯ ಎಲೆಯೊಂದನ್ನು ಎತ್ತಿ ನೋಡಬೇಕು. ಹಸಿರು ಹೋಗಿ ನರಗಳ ಜಾಲರಿ ಮಾತ್ರ ಉಳಿದ ಎಲೆ. ಅದರ ಮೇಲೆ ಕುದುರೆಗೂದಲಿನಂತಹ ಕಪ್ಪು ಕಾಲಿನ ಮೇಲೆ ನಿಂತ ಅಂಗಿಯ ಗುಂಡಿಯಷ್ಟು ಪುಟ್ಟ ಕೊಡೆ. ಮರಾಸ್ಮಿಯಸ್ ಎಂಬ ಕುಲದ ಈ ಅಣಬೆ ನಾಲ್ಕು ದಿನ ಬಿಸಿಲಾದರೆ ಮುದುಡಿ ಒಣಗುತ್ತದೆ, ಒಂದು ಮಳೆ ಬಂದರೆ ಮತ್ತೆ ಅರಳುತ್ತದೆ. ಬಿದ್ದ ಕಡ್ಡಿಯ ಮೇಲೆ ಗುಲಾಬಿ ಬಣ್ಣದ ಬಟ್ಟಲುಗಳು. ಪಕ್ಕದಲ್ಲಿ ಹಕ್ಕಿಗೂಡಿನ ಆಕಾರದ, ಕಡಲೆಕಾಳಿನಷ್ಟು ದೊಡ್ಡ ಇನ್ನೊಂದು ಅಣಬೆ. ಅದರೊಳಗೆ ನಾಲ್ಕೈದು ಮೊಟ್ಟೆಗಳಿರುವಂತೆ ಕಾಣುತ್ತದೆ. ಮಳೆಹನಿ ಆ ಗೂಡಿನೊಳಗೆ ಬಿದ್ದಾಗ ‘ಮೊಟ್ಟೆ’ ದೂರಕ್ಕೆ ಸಿಡಿಯುತ್ತದೆ. ಬೀಜವನ್ನು ಬಿತ್ತುವ ಕೆಲಸಕ್ಕೆ ಮಳೆಹನಿಯನ್ನೇ ಕೂಲಿಗೆ ಹಿಡಿದ ಜಾಣ ಅದು. ಬಿದಿರುಮೆಳೆಯ ಹತ್ತಿರ ಬಿಳಿಯ ಜಾಲರಿಯ ಲಂಗ ತೊಟ್ಟಂತಿರುವ ಅಣಬೆ ಎದ್ದಿದ್ದರೆ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಆ ದುರ್ಗಂಧಕ್ಕೆ ಮುತ್ತುವ ನೊಣಗಳೇ ಅದರ ಬೀಜಕಣಗಳನ್ನು ಹೊತ್ತೊಯ್ಯುತ್ತವೆ.

ಎಲೆಯ ಕೆಳಗೆ ಸಹಸ್ರಪದಿಗಳಿವೆ. ಮುಟ್ಟಿದೊಡನೆ ಗೋಲಿಯಂತೆ ಸುರುಳಿಯಾಗಿ ಉರುಳುವ ಒಂದು ಜಾತಿ ಪಶ್ಚಿಮಘಟ್ಟದ್ದೇ ಆಸ್ತಿ. ಅದರೊಡನೆ ಆಡದ ಹಳ್ಳಿಯ ಮಕ್ಕಳಿಲ್ಲ. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಈ ಜಾತಿಯನ್ನು ಕುರಿತು ಅಧ್ಯಯನ ನಡೆಸಿ, ತೋಟದ ತರಗೆಲೆಗಳನ್ನು ತಿಂದು ಅದು ಒಳ್ಳೆಯ ಗೊಬ್ಬರವನ್ನಾಗಿ ಮಾಡುತ್ತದೆಂದು ತೋರಿಸಿದ್ದಾರೆ. ಗೋಲಿಯಾಟದ ಹುಳು ವಾಸ್ತವದಲ್ಲಿ ಗೊಬ್ಬರದ ಕಾರ್ಖಾನೆ.

ಗೆದ್ದಲಿನ ಸಂಗತಿ ಇನ್ನೂ ಸ್ವಾರಸ್ಯವಾದುದು. ನಮ್ಮ ಕಡೆ ಮಳೆಗಾಲದಲ್ಲಿ ಹುತ್ತದ ಆಸುಪಾಸಿನಲ್ಲಿ ಏಳುವ, ಬಲ್ಲವರು ಬುಟ್ಟಿ ತುಂಬಿಸಿಕೊಂಡು ಹೋಗುವ ರುಚಿಯಾದ ಅಣಬೆ ಟರ್ಮಿಟೊಮೈಸಿಸ್ ಕುಲದ್ದು. ಅದನ್ನು ಕೀಳುವಾಗ ಉದ್ದನೆಯ ಬೇರಿನಂತಹ ಕಾಲು ನೆಲದೊಳಕ್ಕೆ ಹೋಗಿರುವುದನ್ನು ನೀವೆಲ್ಲ ಕಂಡಿರಬಹುದು. ಅದರ ಬುಡ ಇರುವುದು ಗೆದ್ದಲಿನ ನೆಲದೊಳಗಿನ ತೋಟದಲ್ಲಿ. ಗೆದ್ದಲುಗಳು ಒಣ ಎಲೆ, ಕಡ್ಡಿ, ಹುಲ್ಲುಗಳನ್ನು ಅಗಿದು ತಂದು ಮಡಿ ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸಿ, ತಾವೂ ಉಂಡು ಮರಿಗಳಿಗೂ ಉಣಿಸುತ್ತವೆ. ಮನುಷ್ಯನ ಬೇಸಾಯಕ್ಕೆ ಸುಮಾರು ಹತ್ತು ಸಾವಿರ ವರ್ಷಗಳ ಚರಿತ್ರೆ; ಗೆದ್ದಲಿನ ಈ ಬೇಸಾಯಕ್ಕೆ ಸುಮಾರು ಮೂರು ಕೋಟಿ ವರ್ಷಗಳದ್ದು ಎಂದು ವಿಜ್ಞಾನಿಗಳು ಅಂದಾಜಿಸುತ್ತಾರೆ. ಒಣ ಎಲೆಯಿಂದ ಗೊಬ್ಬರ ಮಾಡುವ ವಿದ್ಯೆಯಲ್ಲಿ ಅವು ನಮಗಿಂತ ಬಹಳ ಹಿರಿಯವು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅಣಬೆಯನ್ನು ನೋಡಲು ಹೋಗುವುದು ಬೇರೆ, ತಿನ್ನಲು ಹೋಗುವುದು ಬೇರೆ. ಹುಳು ತಿಂದ ಅಣಬೆಯನ್ನು ಮನುಷ್ಯನೂ ತಿನ್ನಬಹುದು, ಬೆಳ್ಳಿಯ ಚಮಚ ಕಪ್ಪಾಗದಿದ್ದರೆ ವಿಷವಿಲ್ಲ ಮುಂತಾದ ಮಾತುಗಳಿಗೆ ಯಾವ ಆಧಾರವೂ ಇಲ್ಲ. ತಲೆತಲಾಂತರದಿಂದ ಗುರುತಿಸಿ ಬಲ್ಲವರು ಕೈಯಾರೆ ತೋರಿಸಿಕೊಡದ ಹೊರತು ಯಾವುದನ್ನೂ ಬಾಯಿಗೆ ಹಾಕಬಾರದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತೋಟಗಾರನ ಮನಸ್ಸಿನಲ್ಲಿ ಶಿಲೀಂಧ್ರವೆಂದರೆ ಶತ್ರು. ಅದಕ್ಕೆ ಕಾರಣವೂ ಇದೆ. ಆಷಾಢ ಶ್ರಾವಣಗಳಲ್ಲಿ ಕೊಳೆರೋಗ ಬಂದು ಎಳೆಯ ಅಡಿಕೆ ಮರದ ಬುಡದಲ್ಲಿ ರಾಶಿ ಬೀಳುವುದನ್ನು ಕಂಡ ಮನೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಹಿಂದಿನವರು ಕರಡದ ಕೊಟ್ಟೆ ಕಟ್ಟಿ ಕೊನೆಯನ್ನು ಮಳೆಯಿಂದ ಕಾಯ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರಲ್ಲಿ ಈ ರೋಗದ ಕುರಿತು ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಇಂದಿಗೂ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣವೇ ನಮಗೆ ಗತಿ. ಕೊಳೆರೋಗದ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಪಾಚಿಗಳ ಕಡೆಯ ದೂರದ ನೆಂಟ ಎಂದು ಈಗಿನ ವಿಜ್ಞಾನ ಹೇಳುತ್ತದೆ. ಆದರೂ ಮರದ ಬುಡವನ್ನು ಕೊಳೆಸುವ ಅಣಬೆ ರೋಗ, ಇತ್ತೀಚಿನ ವರ್ಷಗಳಲ್ಲಿ ಮಲೆನಾಡನ್ನು ಕಂಗೆಡಿಸಿದ ಎಲೆಚುಕ್ಕೆ ರೋಗ, ಇವೆರಡೂ ಶಿಲೀಂಧ್ರಗಳದ್ದೇ ಕೆಲಸ. ಹೀಗಾಗಿ ‘ಮದ್ದು ಹೊಡೆಯುವುದು’ ಎಂಬ ಒಂದೇ ಕ್ರಿಯಾಪದದಿಂದ ನಾವು ಈ ಇಡೀ ಜೀವಲೋಕವನ್ನು ಅರಿತಿದ್ದೇವೆ.

ಬೋರ್ಡೋ ದ್ರಾವಣದ ಗುಣವನ್ನು ಫ್ರಾನ್ಸಿನ ಪ್ರಾಧ್ಯಾಪಕ ಮಿಲಾರ್ಡೆ ಲೋಕಕ್ಕೆ ತಿಳಿಸಿದ್ದು 1885ರಲ್ಲಿ, ದ್ರಾಕ್ಷಿ ಬಳ್ಳಿಗಳ ರೋಗವನ್ನು ತಡೆಯುವುದಕ್ಕಾಗಿ. ಅದೇ 1885ರಲ್ಲಿ ಜರ್ಮನಿಯ ಆಲ್ಬರ್ಟ್ ಫ್ರಾಂಕ್ ಎಂಬ ವಿಜ್ಞಾನಿ, ನೆಲದೊಳಗೆ ಬೆಳೆಯುವ ಟ್ರಫಲ್ ಎಂಬ ಬೆಲೆಬಾಳುವ ಅಣಬೆಯನ್ನು ಕುರಿತು ಶೋಧಿಸುತ್ತಿದ್ದಾಗ, ಮರದ ಬೇರಿನ ತುದಿಗಳನ್ನು ಶಿಲೀಂಧ್ರದ ಎಳೆಗಳು ಸುತ್ತಿಕೊಂಡಿರುವುದನ್ನು ಕಂಡು ಅದಕ್ಕೆ ‘ಮೈಕೊರೈಜಾ’, ಅಂದರೆ ‘ಶಿಲೀಂಧ್ರಬೇರು’, ಎಂದು ಹೆಸರಿಟ್ಟರು. ಅದು ರೋಗವಲ್ಲ, ಕೊಡುಕೊಳ್ಳುವಿಕೆ ಎಂದು ಅವರು ವಾದಿಸಿದರು. ಬೇರು ತಲುಪಲಾರದ ಸಂದಿನಿಂದ ರಂಜಕವನ್ನೂ ನೀರನ್ನೂ ಎಳೆಗಳು ತಂದುಕೊಡುತ್ತವೆ. ಮರ ತನ್ನ ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಅವಕ್ಕೆ ಕೊಡುತ್ತದೆ. ಅಡಿಕೆಯ ಬೇರಿನಲ್ಲಿಯೂ ಇಂತಹ ಶಿಲೀಂಧ್ರಗಳುಂಟು. ಮರದ ಕೊಂಬೆಯ ಮೇಲಿನ ಸೀತೆದಂಡೆಯ ಬೀಜ ಧೂಳಿನಷ್ಟು ಸಣ್ಣದು. ತನ್ನದೆಂಬ ಬುತ್ತಿಯಿಲ್ಲದ ಆ ಬೀಜ ಶಿಲೀಂಧ್ರದ ಆಸರೆಯಿಲ್ಲದೆ ಮೊಳೆಯಲಾರದು. ಮರದ ಗಟ್ಟಿಭಾಗವಾದ ಲಿಗ್ನಿನ್ನನ್ನು ಪೂರ್ತಿ ಒಡೆದು ಮಣ್ಣಾಗಿಸುವ ಶಕ್ತಿಯೂ ಮುಖ್ಯವಾಗಿ ಶಿಲೀಂಧ್ರಗಳಿಗೇ ಇದೆ. ಒಂದೇ ವರ್ಷದಲ್ಲಿ ಲೋಕಕ್ಕೆ ಬಂದ ಈ ಎರಡು ತಿಳಿವಳಿಕೆಗಳಲ್ಲಿ ಮೊದಲನೆಯದನ್ನು ಮಾತ್ರ ನಮ್ಮ ತೋಟದವರೆಗೆ ಹೊತ್ತು ತಂದೆವು.

ಇದರ ಪರಿಣಾಮ ಕಾಣುವುದು ದರಕು ಗುಡಿಸುವಲ್ಲಿ. ಒಣಗಿ ಬಿದ್ದ ಎಲೆಯನ್ನು ಬೆಟ್ಟದಿಂದ ತಂದು ಕೊಟ್ಟಿಗೆಗೆ ಹಾಸಿ, ಸಗಣಿಯೊಡನೆ ಬೆರೆತ ಗೊಬ್ಬರವನ್ನು ತೋಟಕ್ಕೆ ಹಾಕುವುದು ನಮ್ಮ ಹಿರಿಯರ ಪದ್ಧತಿ. ಪದ್ಧತಿ ಒಳ್ಳೆಯದೇ. ಹೆಡಿಗೆಯಲ್ಲಿ ತಲೆಹೊರೆಯಾಗಿ ತರುತ್ತಿದ್ದ ಕಾಲದಲ್ಲಿ ಮನುಷ್ಯನ ಕುತ್ತಿಗೆಯ ಶಕ್ತಿಯೇ ಅದಕ್ಕೊಂದು ಮಿತಿಯಾಗಿತ್ತು. ಇಳಿಜಾರಿನ ಮೂಲೆಯೊಂದು, ಹಳ್ಳದ ಬದಿಯೊಂದು ಹೇಗೋ ಉಳಿದುಕೊಳ್ಳುತ್ತಿತ್ತು. ಈಗ ಬೆಟ್ಟದ ತನಕ ವಾಹನ ಹೋಗುತ್ತದೆ. ಕೂಲಿಯಾಳು ಸಿಕ್ಕ ಎರಡು ದಿನಗಳಲ್ಲಿ ಇಡೀ ಬೆಟ್ಟವನ್ನು ಅಂಗಳದಂತೆ ಗುಡಿಸಿ ಮುಗಿಸುವ ಅವಸರ. ರಸ್ತೆಗೆ ಹತ್ತಿರದ ಬೆಟ್ಟಗಳನ್ನು ಚೈತ್ರ ಮಾಸದಲ್ಲೊಮ್ಮೆ ನೋಡಿ. ಮರಗಳಿವೆ, ಅವುಗಳ ಕೆಳಗೆ ಬರಿಯ ಕೆಂಪು ಮಣ್ಣಿದೆ. ಜ್ಯೇಷ್ಠದ ಮೊದಲ ದೊಡ್ಡ ಮಳೆ ಆ ಮಣ್ಣಿಗೆ ನೇರವಾಗಿ ಹೊಡೆಯುತ್ತದೆ, ಹಳ್ಳ ಕೆಂಪಾಗಿ ಹರಿಯುತ್ತದೆ. ಅಂತಹ ಬೆಟ್ಟದಲ್ಲಿ ಶರದೃತುವಿನಲ್ಲಿ ನಡೆದರೆ ನಾನು ಮೇಲೆ ಬರೆದ ಸಂತೆ ಕಾಣುವುದಿಲ್ಲ. ಪಕ್ಕದಲ್ಲಿಯೇ ಇರುವ, ಯಾರೂ ಗುಡಿಸದ ಕಾನನ್ನು ಹೊಕ್ಕರೆ ಕಾಲಕೆಳಗಿನ ನೆಲ ಹಾಸಿಗೆಯಂತೆ ಮೆತ್ತಗಾಗುತ್ತದೆ. ಎರಡೂ ಕಡೆ ಮಳೆ ಒಂದೇ.

1983ರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಆರಂಭವಾದಾಗ ಇಲ್ಲಿನ ಜನ ಮರಗಳನ್ನು ಅಪ್ಪಿಕೊಂಡು ಕಾಡನ್ನು ಉಳಿಸಿಕೊಂಡರು. ಆ ಅಭಿಮಾನ ನನಗೂ ಇದೆ. ಆದರೆ ಮರವನ್ನು ಅಪ್ಪಿದವನ ದೃಷ್ಟಿ ಸಹಜವಾಗಿ ಮೇಲಕ್ಕೆ ಹೋಗುತ್ತದೆ. ನಮ್ಮ ಕಾಡಿನ ಕಾಳಜಿ ಮರಕ್ಕೆ, ಸಿಂಗಳೀಕಕ್ಕೆ, ಮಂಗಟ್ಟೆಗೆ ಸಂದಷ್ಟು ಮರದ ಬುಡಕ್ಕೆ ಸಲ್ಲಲಿಲ್ಲ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜವುಗಿನಲ್ಲಿ ಬೆಳೆಯುವ ಒಂದು ಗೇರುಜಾತಿಯ ಮರ ವಿಜ್ಞಾನಕ್ಕೆ ಹೊಸದೆಂದು ದಾಖಲಾದದ್ದು 2000ದಲ್ಲಿ. ತನ್ನ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುವ ಕುಂಬಾರ ಕಪ್ಪೆಗೆ ಹೆಸರು ಬಂದದ್ದು 2014ರಲ್ಲಿ. ದೊಡ್ಡ ಮರವೂ ಕೂಗುವ ಕಪ್ಪೆಯೂ ಇಷ್ಟು ಕಾಲ ಹೆಸರಿಲ್ಲದೆ ಇದ್ದವೆಂದರೆ, ಕೂಗದ, ಓಡದ, ನಾಲ್ಕು ದಿನ ಕಂಡು ಮರೆಯಾಗುವ ಅಣಬೆಗಳಲ್ಲಿ ಹೆಸರಿಲ್ಲದವು ಎಷ್ಟಿರಬಹುದು, ಯೋಚಿಸಿ.

ಆದುದರಿಂದ ನನ್ನ ಸಲಹೆ ಇಷ್ಟೆ. ನಿಮ್ಮ ಬೆಟ್ಟವನ್ನು ಮನಸ್ಸಿನಲ್ಲಿಯೇ ನಾಲ್ಕು ಪಾಲು ಮಾಡಿ. ಪ್ರತಿ ವರ್ಷ ಒಂದು ಪಾಲಿನಲ್ಲಿ ದರಕನ್ನು ಮುಟ್ಟಬೇಡಿ. ಮರುವರ್ಷ ಇನ್ನೊಂದು ಪಾಲು. ಹೀಗೆ ನಾಲ್ಕು ವರ್ಷಕ್ಕೊಮ್ಮೆ ಪ್ರತಿಯೊಂದು ಮರದ ಬುಡವೂ ತನ್ನ ಎಲೆಯನ್ನು ತಾನೇ ಉಣ್ಣಲಿ. ಹಳ್ಳದ ಅಂಚನ್ನು ಮಾತ್ರ ಯಾವ ವರ್ಷವೂ ಗುಡಿಸದಿದ್ದರೆ ಇನ್ನೂ ಒಳ್ಳೆಯದು.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಮೊದಲನೆಯದು ಬೆಂಕಿ. ದರಕು ಬಿಟ್ಟರೆ ಫಾಲ್ಗುಣ ಚೈತ್ರಗಳಲ್ಲಿ ಬೆಟ್ಟ ಹೊತ್ತಿಕೊಂಡೀತು ಎಂಬ ಭಯ ಸುಳ್ಳಲ್ಲ. ಆದರೆ ಬೆಂಕಿ ಸಾಮಾನ್ಯವಾಗಿ ಬರುವುದು ರಸ್ತೆಯ ಕಡೆಯಿಂದ, ಬೇಣದ ಕಡೆಯಿಂದ, ಜನ ಓಡಾಡುವ ದಾರಿಯಿಂದ. ಆ ಅಂಚುಗಳಲ್ಲಿ ಅಗಲವಾಗಿ ಗುಡಿಸಿ ಗಡಿ ಮಾಡಿ. ಬಿಡುವ ಪಾಲನ್ನು ತಗ್ಗಿನಲ್ಲಿ, ತಂಪಿರುವ ಕಡೆ ಆರಿಸಿಕೊಳ್ಳಿ. ಎರಡನೆಯದು ರೋಗ. ಕೊಳೆರೋಗ ಉಳಿದು ಹರಡುವುದು ತೋಟದಲ್ಲಿ ಬಿದ್ದ ರೋಗದ ಅಡಿಕೆಯಿಂದ, ಒಣಗಿ ಮರದಲ್ಲೇ ಉಳಿದ ಕೊನೆಗಳಿಂದ. ಅವುಗಳನ್ನು ಅಗತ್ಯವಾಗಿ ಆರಿಸಿ ತೆಗೆಯಬೇಕು. ಬೆಟ್ಟದ ಒಣ ಎಲೆಯ ಮೇಲೆ ಆ ಅಪವಾದ ಹೊರಿಸಲಾಗದು. ಮೂರನೆಯದು ಗೊಬ್ಬರದ ಕೊರತೆ. ಒಂದು ಪಾಲು ಬಿಟ್ಟರೆ ಆ ವರ್ಷ ತೋಟಕ್ಕೆ ಸ್ವಲ್ಪ ಕಡಿಮೆಯಾಗುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೆಟ್ಟದ ಮರಕ್ಕೂ ಗೊಬ್ಬರ ಬೇಕಲ್ಲವೆ? ಪ್ರತಿ ವರ್ಷ ಹಾಲು ಕರೆದು ಹುಲ್ಲು ಹಾಕದಿದ್ದರೆ ಯಾವ ಆಕಳು ತಾನೆ ಉಳಿದೀತು? ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಪೊಟ್ಟಣದಲ್ಲಿ ಹಣ ಕೊಟ್ಟು ತಂದು ಬೇವಿನ ಹಿಂಡಿಯಲ್ಲಿ ಬೆರೆಸಿ ಮರದ ಬುಡಕ್ಕೆ ಹಾಕುತ್ತೇವೆ. ಅದೇ ಕುಲದ ಶಿಲೀಂಧ್ರಗಳು ಪುಕ್ಕಟೆಯಾಗಿ ವಾಸಿಸುವ ಹಾಸನ್ನು ಬೆಟ್ಟದಲ್ಲಿ ಗುಡಿಸಿ ಬಿಡುತ್ತೇವೆ. ಲೆಕ್ಕದಲ್ಲಿ ಬಿಗಿಯಾದ ನಮ್ಮ ಜನಕ್ಕೆ ಈ ಲೆಕ್ಕ ತಿಳಿಯದಿರದು.

ಪಾಲು ಬಿಡುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಇದೇ ಶರದೃತುವಿನಲ್ಲಿ, ಶೀಗೆ ಹುಣ್ಣಿಮೆಯ ದಿನ, ಮಲೆನಾಡಿನ ಬೇಸಾಯದ ಮನೆಗಳಲ್ಲಿ, ವಿಶೇಷವಾಗಿ ದೀವರ ಮನೆಗಳಲ್ಲಿ, ಭೂಮಿ ಹುಣ್ಣಿಮೆಯನ್ನು ಆಚರಿಸುತ್ತಾರೆ. ತೆನೆ ಕಟ್ಟುವ ಭೂಮಿ ಬಸುರಿ ಎಂದು ಭಾವಿಸಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಬಯಕೆಯ ಅಡುಗೆ ಹೊತ್ತೊಯ್ದು, ಹಲವು ಬಗೆಯ ಸೊಪ್ಪುಗಳನ್ನು ಬೇಯಿಸಿದ ಚರಗವನ್ನು ಗದ್ದೆಗೆ ಬೀರುತ್ತಾರೆ. ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ ಇಡುವ ರೂಢಿಯೂ ಇದೆ. ಬೆಳೆಯನ್ನು ಕಡಿದು ಹಾಕುವ ಇಲಿಗೂ ಎಡೆ! ಬೆಳೆಯುವವನಿಗೆ ತಾನೊಬ್ಬನೇ ಉಣ್ಣುವವನಲ್ಲವೆಂಬ ಅರಿವು ಇದ್ದುದರ ಗುರುತು ಅದು. ಬೆಳೆ ಕಡಿಯುವ ಇಲಿಗೆ ಎಡೆ ಇಡಬಲ್ಲ ನಾಡಿನವರು, ಬೆಳೆಯನ್ನು ಸಾಕುವ ಅಣಬೆಗೆ ನಾಲ್ಕರಲ್ಲೊಂದು ಪಾಲು ಒಣ ಎಲೆಯನ್ನು ಬಿಡಲಾರರೆ?

ದೊಡ್ಡ ಹಬ್ಬಕ್ಕೆ ಊರಿಗೆ ಬರುವವರು ಬಹಳ ಜನರಿದ್ದೀರಿ. ಗೋಪೂಜೆ ಮುಗಿದು ಊಟವಾದ ಮೇಲೆ ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗಿ ಬನ್ನಿ. ಒಂದು ಮೊಳ ಉದ್ದ, ಒಂದು ಮೊಳ ಅಗಲದ ನೆಲವನ್ನು ಕಡ್ಡಿಯಿಂದ ಗೆರೆ ಎಳೆದು ಗುರುತಿಸಿ, ಅದರೊಳಗೆ ಕಂಡ ಜೀವಿಗಳನ್ನೆಲ್ಲ ಮಕ್ಕಳಿಂದ ಬರೆಯಿಸಿ. ಗುಡಿಸಿದ ಬೆಟ್ಟದಲ್ಲೊಂದು ಚೌಕ, ಗುಡಿಸದ ಕಾನಿನಲ್ಲೊಂದು ಚೌಕ. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆಯಲಿ, ಮೊಬೈಲಿನಲ್ಲಿ ಫೋಟೋ ತೆಗೆಯಲಿ. ದರಕು ಗುಡಿಸಲು ಬರುವ ಹೆಂಗಸರನ್ನು ಹೆಸರು ಕೇಳಲಿ, ಪುಸ್ತಕದಲ್ಲಿಲ್ಲದ ಹೆಸರುಗಳು ಅವರಲ್ಲಿವೆ. ಬೆಟ್ಟವಿರುವವರು ಈ ವರ್ಷವೇ ಒಂದು ಪಾಲನ್ನು ಬಿಟ್ಟು, ಮೂರು ಶರದೃತುಗಳವರೆಗೆ ಅದೇ ಚೌಕಗಳನ್ನು ನೋಡಿ ಎಣಿಸಿಡಿ.

ಎಣಿಕೆಯ ಫಲಿತಾಂಶವನ್ನು ನನಗೆ ಬರೆದು ಕಳುಹಿಸಿ. ಅಂಕ ಕೊಡುವ ಅಧಿಕಾರ ನನಗೀಗ ಇಲ್ಲ. ಓದುವ ಆಸೆ ಮಾತ್ರ ಹಾಗೆಯೇ ಇದೆ.